ರಟ್ಟರ ಲಕ್ಷ್ಮೀದೇವ–ಚಂದಲದೇವಿ ದಂಪತಿ: ಮನೆತನ, ಮಕ್ಕಳು ಮತ್ತು ಕಲ್ಲೋಳಿಯ ಶಾಂತಿನಾಥ ಬಸದಿ

ಇಂದಿನ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು ಸುಮಾರು 800 ವರ್ಷಗಳ ಹಿಂದೆ ಕುಂಡಿ ಮೂರು ಸಾವಿರ ಎಂಬ ನಾಡಿಗೆ ಸೇರಿದ್ದವು. ಶಾಸನಗಳಲ್ಲಿ ಇದಕ್ಕೆ ಕೂಹುಂಡಿ ಎಂಬ ಹೆಸರೂ ಇದೆ. ಈ ನಾಡನ್ನು ಆಳಿದವರು ಸವದತ್ತಿಯ ರಟ್ಟರು. ಜೈನ ಧರ್ಮವನ್ನು ಆಶ್ರಯಿಸಿ ಬೆಳೆಸಿದ ಈ ಮನೆತನದಲ್ಲಿ ಒಂದನೆಯ ಲಕ್ಷ್ಮೀದೇವ ಮತ್ತು ಆತನ ರಾಣಿ ಚಂದಲದೇವಿಯ ಹೆಸರು ಮುಖ್ಯವಾದುದು. ಇವರ ಇಬ್ಬರು ಮಕ್ಕಳಾದ ನಾಲ್ಕನೆಯ ಕಾರ್ತವೀರ್ಯ ಮತ್ತು ಮಲ್ಲಿಕಾರ್ಜುನ ಇವರ ಕಾಲದಲ್ಲಿಯೇ ಬೆಳಗಾವಿಯ ಕಮಲ ಬಸದಿಯೂ, ಮೂಡಲಗಿ ತಾಲೂಕಿನ ಕಲ್ಲೋಳಿಯ ಶಾಂತಿನಾಥ ಬಸದಿಯೂ ನಿರ್ಮಾಣವಾದವು.

ಅರಸರ ಯುದ್ಧ, ಬಿರುದು, ಗೆಲುವುಗಳ ವಿಷಯ ಇತಿಹಾಸದ ಪುಸ್ತಕಗಳಲ್ಲಿ ಸಾಕಷ್ಟು ಬಂದಿದೆ. ಈ ಲೇಖನದ ವಿಷಯ ಅವರ ಮನೆ. ತಂದೆ-ತಾಯಿ, ತವರು, ಮಕ್ಕಳು, ಸೊಸೆಯಂದಿರು, ಮೊಮ್ಮಗ, ಕುಲಗುರು ಇವರ ಸಂಬಂಧಗಳು ಶಾಸನಗಳಲ್ಲಿ ಹೇಗೆ ದಾಖಲಾಗಿವೆ ಎಂಬುದನ್ನು ಇಲ್ಲಿ ಒಟ್ಟುಗೂಡಿಸಿ ಕೊಡಲಾಗಿದೆ.

ರಟ್ಟ ಮನೆತನದ ಹಿನ್ನೆಲೆ

ರಟ್ಟರು ತಮ್ಮನ್ನು ರಾಷ್ಟ್ರಕೂಟರ ವಂಶಕ್ಕೆ ಸೇರಿದವರೆಂದು ಹೇಳಿಕೊಳ್ಳುತ್ತಿದ್ದರು. ಲತ್ತಲೂರ ಪುರವರಾಧೀಶ್ವರ ಎಂಬುದು ಅವರ ಬಿರುದು. ಲತ್ತಲೂರು ಎಂದರೆ ಇಂದಿನ ಮಹಾರಾಷ್ಟ್ರದ ಲಾತೂರು. ಬಂಗಾರದ ಗರುಡ ಅವರ ಧ್ವಜ, ಆನೆ ಅವರ ಲಾಂಛನ. ಮೊದಲು ರಾಷ್ಟ್ರಕೂಟರ, ನಂತರ ಕಲ್ಯಾಣದ ಚಾಲುಕ್ಯರ ಅಧೀನದಲ್ಲಿ ಮಹಾಮಂಡಲೇಶ್ವರರಾಗಿ ಆಳಿದರು. ಅವರ ಮೊದಲ ರಾಜಧಾನಿ ಸುಗಂಧವರ್ತಿ, ಅಂದರೆ ಇಂದಿನ ಸವದತ್ತಿ. ಮುಂದೆ ವೇಣುಗ್ರಾಮ, ಅಂದರೆ ಇಂದಿನ ಬೆಳಗಾವಿ, ಅವರ ರಾಜಧಾನಿಯಾಯಿತು.

ಮನೆತನದ ಜಿನಭಕ್ತಿ ಮೊದಲಿನಿಂದಲೂ ಕಂಡುಬರುತ್ತದೆ. 9ನೆಯ ಶತಮಾನದ ಪೃಥ್ವೀರಾಮ ಸವದತ್ತಿಯಲ್ಲಿ ಜಿನಾಲಯ ಕಟ್ಟಿಸಿದವನು. 980ರಲ್ಲಿ ಶಾಂತಿವರ್ಮ ಅದೇ ಊರಿನಲ್ಲಿ ಬಸದಿ ಕಟ್ಟಿಸಿ ಭೂಮಿ ಬಿಟ್ಟನು. ಆತನ ತಾಯಿ ನೀಜಿಕಬ್ಬೆಯೂ ಅದೇ ಬಸದಿಗೆ ದಾನ ಕೊಟ್ಟಳು. ಮಗ ಕಟ್ಟಿಸಿದ ಬಸದಿಗೆ ತಾಯಿ ತನ್ನ ಹೆಸರಿನಿಂದ ದಾನ ಕೊಟ್ಟದ್ದು ಶಾಸನದಲ್ಲಿ ಬೇರೆಯಾಗಿಯೇ ದಾಖಲಾಗಿದೆ. ಈ ಮನೆಯಲ್ಲಿ ಹೆಣ್ಣುಮಕ್ಕಳ ಹೆಸರು ಕಲ್ಲಿನ ಮೇಲೆ ಬರುವುದು ಚಂದಲದೇವಿಗಿಂತ 200 ವರ್ಷ ಮೊದಲೇ ಇದ್ದ ಪದ್ಧತಿ.

ಲಕ್ಷ್ಮೀದೇವ ಮತ್ತು ಚಂದಲದೇವಿ

ಲಕ್ಷ್ಮೀದೇವ ಮೂರನೆಯ ಕಾರ್ತವೀರ್ಯನ ಮಗ. ತಾಯಿಯ ಹೆಸರು ಪದ್ಮಲದೇವಿ. ಶಾಸನಗಳಲ್ಲಿ ಈತನಿಗೆ ಲಕ್ಷ್ಮಣ, ಲಕ್ಷ್ಮೀಧರ ಎಂಬ ಹೆಸರುಗಳೂ ಇವೆ. ರಾಣಿಯನ್ನು ಕೆಲವೆಡೆ ಚಂದಲದೇವಿ ಎಂದೂ ಕೆಲವೆಡೆ ಚಂದ್ರಿಕಾದೇವಿ ಎಂದೂ ಕರೆಯಲಾಗಿದೆ. ಎರಡೂ ಒಬ್ಬಳದೇ ಹೆಸರು. ಚಂದಲ ಎಂಬುದು ಮನೆಮಾತಿನ ರೂಪ, ಚಂದ್ರಿಕಾ ಎಂಬುದು ಸಂಸ್ಕೃತದ ರೂಪ. ಶಾಸನ ಓದುವವರು ಇಬ್ಬರು ರಾಣಿಯರಿದ್ದರೆಂದು ತಪ್ಪು ತಿಳಿಯಬಾರದು.

ಈ ಮನೆಯಲ್ಲಿ ಹೆಸರಿಡುವ ಪದ್ಧತಿಯನ್ನು ಗಮನಿಸಬೇಕು. ಮೂರನೆಯ ಕಾರ್ತವೀರ್ಯನ ಮಗ ಲಕ್ಷ್ಮೀದೇವ. ಲಕ್ಷ್ಮೀದೇವನ ಹಿರಿಯ ಮಗ ನಾಲ್ಕನೆಯ ಕಾರ್ತವೀರ್ಯ. ಈ ಕಾರ್ತವೀರ್ಯನ ಮಗ ಎರಡನೆಯ ಲಕ್ಷ್ಮೀದೇವ. ಅಂದರೆ ನಾಲ್ಕು ತಲೆಮಾರು ಅಜ್ಜನ ಹೆಸರೇ ಮೊಮ್ಮಗನಿಗೆ ಬಂದಿದೆ. ಬೆಳಗಾವಿ ಜಿಲ್ಲೆಯ ಮನೆಗಳಲ್ಲಿ ಇಂದಿಗೂ ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ರೂಢಿ ಇದೆ. ಇದು ಅರಸರ ಮನೆಯಲ್ಲಿಯೂ ಹಾಗೆಯೇ ಇತ್ತು ಎಂಬುದಕ್ಕೆ ರಟ್ಟರ ವಂಶಾವಳಿಯೇ ಸಾಕ್ಷಿ. ಒಂದನೆಯ, ಎರಡನೆಯ, ನಾಲ್ಕನೆಯ ಎಂಬ ಎಣಿಕೆ ಮಾತ್ರ ಇತ್ತೀಚಿನ ವಿದ್ವಾಂಸರು ಗುರುತಿಗಾಗಿ ಹಾಕಿದ್ದು.

ಚಂದಲದೇವಿಯ ತವರುಮನೆ

ಚಂದಲದೇವಿಯ ತವರು ಹಗರಟಗೆ ನಾಡನ್ನು ಆಳುತ್ತಿದ್ದ ಯದುವಂಶದ ಮನೆತನ. ತಂದೆಯ ಹೆಸರು ರಾಜ, ತಾಯಿ ಮೈಲಲದೇವಿ. ಆಕೆಯ ಒಡಹುಟ್ಟಿದವನು ಸಿಂಹ. ಸಿಂಹನ ಮಗನಿಗೂ ಅಜ್ಜನ ಹೆಸರಾದ ರಾಜ ಎಂಬ ಹೆಸರನ್ನೇ ಇಟ್ಟಿದ್ದರು. ಹೆಸರಿಡುವ ರೂಢಿ ಬೀಗರ ಮನೆಯಲ್ಲಿಯೂ ಒಂದೇ ಆಗಿತ್ತು.

ಈ ವಿವರ ನಮಗೆ ಸಿಗುವುದು ಕಲ್ಲೋಳಿಯ ಶಾಸನದಿಂದ. ಅಲ್ಲಿ ಅರಸನ ವಂಶಾವಳಿ ಮುಗಿದ ಮೇಲೆ ರಾಣಿಯ ತವರಿನ ವಂಶಾವಳಿಯೂ ಬರುತ್ತದೆ. ಅದಕ್ಕೆ ಕಾರಣವಿದೆ. ಕಲ್ಲೋಳಿಯಲ್ಲಿ ಬಸದಿ ಕಟ್ಟಿಸಿದವನು ರಟ್ಟ ಅರಸನಲ್ಲ. ಚಂದಲದೇವಿಯ ಸೋದರ ಸಿಂಹನ ಮಗ ರಾಜ ಅದನ್ನು ಕಟ್ಟಿಸಿದವನು. ಅರಸ ಕಾರ್ತವೀರ್ಯನಿಗೆ ಈತ ಸೋದರಮಾವನ ಮಗ. ಹಗರಟಗೆಯ ರಾಜನಿಗೂ ಕುಂಡಿ ನಾಡಿನ ಅರಸನಿಗೂ ನಡುವೆ ಇರುವ ಕೊಂಡಿ ಚಂದಲದೇವಿ ಒಬ್ಬಳೇ. ಆಕೆಯ ಹೆಸರು ಬಿಟ್ಟರೆ ಬಸದಿ ಕಟ್ಟಿಸಿದವನು ಯಾರು, ಅರಸ ಆ ಬಸದಿಗೆ ಏಕೆ ದಾನ ಬಿಟ್ಟನು ಎಂಬುದು ಅರ್ಥವಾಗುವುದಿಲ್ಲ. ಹೀಗೆ ಮನೆಯ ಮಗಳ ಮೂಲಕ ಎರಡು ಮನೆತನಗಳ ಧರ್ಮಕಾರ್ಯ ಒಂದುಗೂಡಿದೆ.

ಇಬ್ಬರು ಮಕ್ಕಳು

ಲಕ್ಷ್ಮೀದೇವ–ಚಂದಲದೇವಿ ದಂಪತಿಯ ಹಿರಿಯ ಮಗ ಕಾರ್ತವೀರ್ಯ, ಕಿರಿಯವನು ಮಲ್ಲಿಕಾರ್ಜುನ. 1204ರ ಶಾಸನಗಳಲ್ಲಿ ಇಬ್ಬರೂ ಕೂಡಿ ವೇಣುಗ್ರಾಮದಿಂದ ಆಳುತ್ತಿದ್ದರೆಂದು ಹೇಳಿದೆ. ಅಣ್ಣ ಮಹಾಮಂಡಲೇಶ್ವರ, ತಮ್ಮ ಯುವರಾಜ. ಮಲ್ಲಿಕಾರ್ಜುನನ ಹೆಸರು 1204ರಿಂದ 1208ರ ವರೆಗಿನ ದಾಖಲೆಗಳಲ್ಲಿ ಸಿಗುತ್ತದೆ. ಕಾರ್ತವೀರ್ಯನ ಆಳ್ವಿಕೆಯ ದಾಖಲೆಗಳು 1218ರ ವರೆಗೆ ಮುಂದುವರಿಯುತ್ತವೆ.

ಆ ಕಾಲದ ಪರಿಸ್ಥಿತಿಯನ್ನು ನೋಡಿದರೆ ಅಣ್ಣತಮ್ಮಂದಿರ ಈ ಒಗ್ಗಟ್ಟಿನ ಬೆಲೆ ತಿಳಿಯುತ್ತದೆ. ಕಲ್ಯಾಣದ ಚಾಲುಕ್ಯರ ದೊರೆತನ 12ನೆಯ ಶತಮಾನದ ಕೊನೆಗೆ ಮುರಿದುಬಿದ್ದಿತ್ತು. ಉತ್ತರದಿಂದ ದೇವಗಿರಿಯ ಸೇವುಣರು, ದಕ್ಷಿಣದಿಂದ ಹೊಯ್ಸಳರು ಒತ್ತಿಕೊಂಡು ಬರುತ್ತಿದ್ದರು. ಪಶ್ಚಿಮಕ್ಕೆ ಗೋವೆಯ ಕದಂಬರು. ನಡುವೆ ಇದ್ದ ಸಣ್ಣ ನಾಡು ಕುಂಡಿ. ಇಂಥ ಹೊತ್ತಿನಲ್ಲಿ ಅನೇಕ ಅರಸು ಮನೆತನಗಳು ಅಣ್ಣತಮ್ಮಂದಿರ ಜಗಳದಿಂದ ಹಾಳಾದವು. ರಟ್ಟರ ಮನೆಯಲ್ಲಿ ತಮ್ಮನ ಹೆಸರನ್ನು ಅಣ್ಣ ತನ್ನ ಹೆಸರಿನ ಪಕ್ಕದಲ್ಲಿಯೇ ಕಲ್ಲಿನ ಮೇಲೆ ಬರೆಸಿದನು.

ಜಿನಭಕ್ತರ ಮನೆಯ ಕಿರಿಯ ಮಗನಿಗೆ ಮಲ್ಲಿಕಾರ್ಜುನ ಎಂಬ ಹೆಸರು ಇದ್ದದ್ದೂ ಗಮನಿಸಬೇಕಾದ ಸಂಗತಿ. ಅದು ಶ್ರೀಶೈಲದ ಶಿವನ ಹೆಸರು. ಅಂದಿನ ಕುಂಡಿ ನಾಡಿನಲ್ಲಿ ಜೈನರೂ ಶೈವರೂ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆತನದಲ್ಲಿ, ಬೆರೆತು ಬಾಳುತ್ತಿದ್ದರು.

ಸೊಸೆಯಂದಿರು, ಮೊಮ್ಮಗ ಮತ್ತು ಕುಲಗುರು

ಕಾರ್ತವೀರ್ಯನ ರಾಣಿಯರಲ್ಲಿ ಏಚಲದೇವಿ ಮತ್ತು ಮಾದೇವಿ ಎಂಬ ಇಬ್ಬರ ಹೆಸರು ಶಾಸನಗಳಲ್ಲಿ ಬರುತ್ತದೆ. ಮಾದೇವಿಯ ಮಗ ಎರಡನೆಯ ಲಕ್ಷ್ಮೀದೇವ ತಂದೆಯ ನಂತರ ಪಟ್ಟಕ್ಕೆ ಬಂದನು. ಆತನ ಕಾಲದ ಪ್ರಸಿದ್ಧ ಶಾಸನ ಸವದತ್ತಿಯದು, 1228ನೆಯ ಇಸವಿಯದು.

ಈ ಶಾಸನದಿಂದ ತಿಳಿಯುವ ದೊಡ್ಡ ವ್ಯಕ್ತಿ ರಾಜಗುರು ಮುನಿಚಂದ್ರದೇವರು. ಅವರು ಕಾರ್ತವೀರ್ಯನಿಗೆ ಗುರುಗಳಾಗಿದ್ದವರು. ಆತನ ಮಗ ಲಕ್ಷ್ಮೀದೇವನಿಗೆ ಶಾಸ್ತ್ರವನ್ನೂ ಶಸ್ತ್ರವನ್ನೂ ಕಲಿಸಿದವರು. ರಾಜ್ಯದ ಆಡಳಿತದಲ್ಲಿಯೂ ಅವರ ಮಾತು ನಡೆಯುತ್ತಿತ್ತು. ತಂದೆಯ ಗುರುವೇ ಮಗನಿಗೂ ಗುರುವಾಗಿ ಎರಡು ತಲೆಮಾರನ್ನು ಒಂದೇ ದಾರಿಯಲ್ಲಿ ನಡೆಸಿದ್ದು ಇಲ್ಲಿ ಕಾಣುತ್ತದೆ. ಆ 1228ರ ಶಾಸನ ಇರುವುದು ಬಸದಿಯ ದಾನಕ್ಕಾಗಿ ಅಲ್ಲ. ಕೇಶಿರಾಜ ಎಂಬವನು ಸವದತ್ತಿಯಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯಕ್ಕೆ ಬಿಟ್ಟ ದಾನದ ದಾಖಲೆ ಅದು. ಜೈನ ರಾಜಗುರುವಿನ ಹಿರಿಮೆಯನ್ನು ಹೊಗಳುವ ಶಾಸನ ಶಿವಾಲಯದ ದಾನಶಾಸನವೇ ಆಗಿದೆ.

ಮನೆತನದ ಧರ್ಮಕಾರ್ಯಗಳು

ಕಲ್ಲೋಳಿಯ ಶಾಂತಿನಾಥ ಬಸದಿ: ಶಾಸನದಲ್ಲಿ ಕಲ್ಲೋಳಿಯ ಹೆಸರು ಸಿಂದನ ಕಲ್ಪೊಳೆ. ಅದು ಕುಂಡಿ ಮೂರು ಸಾವಿರದೊಳಗಿನ ಕುರುಂಬೆಟ್ಟ ಕಂಪಣಕ್ಕೆ ಸೇರಿತ್ತು. ಕಂಪಣ ಎಂದರೆ ಕೆಲವು ಹಳ್ಳಿಗಳು ಸೇರಿದ ಆಡಳಿತ ವಿಭಾಗ. ಇಲ್ಲಿ ರಾಜನು 16ನೆಯ ತೀರ್ಥಂಕರ ಶಾಂತಿನಾಥ ಸ್ವಾಮಿಯ ಬಸದಿ ಕಟ್ಟಿಸಿದನು. ಕಾರ್ತವೀರ್ಯ ಅದಕ್ಕೆ ಭೂಮಿದಾನ ಬಿಟ್ಟನು. ದಾನವನ್ನು ಸ್ವೀಕರಿಸಿದವರು ಶುಭಚಂದ್ರ ಭಟ್ಟಾರಕರು. ಅವರು ಮೂಲಸಂಘ, ಕುಂದಕುಂದಾನ್ವಯ, ಪುಸ್ತಕಗಚ್ಛ, ಹನಸೋಗೆ ಬಳಿಗೆ ಸೇರಿದವರು. ಹನಸೋಗೆ ಇರುವುದು ಮೈಸೂರು ಜಿಲ್ಲೆಯಲ್ಲಿ, ಕಾವೇರಿಯ ಸೀಮೆಯಲ್ಲಿ. ಅಲ್ಲಿಯ ಗುರುಪರಂಪರೆ ಘಟಪ್ರಭೆಯ ಸೀಮೆಯ ಬಸದಿಯನ್ನು ನೋಡಿಕೊಳ್ಳುತ್ತಿತ್ತು ಎಂಬುದರಿಂದ ಅಂದಿನ ಜೈನ ಸಂಘ ನಾಡಿನ ಉದ್ದಗಲಕ್ಕೂ ಹೇಗೆ ಹಬ್ಬಿತ್ತೆಂದು ತಿಳಿಯುತ್ತದೆ.

ಬೆಳಗಾವಿಯ ರಟ್ಟ ಜಿನಾಲಯ: ಕಾರ್ತವೀರ್ಯನ ಮಂತ್ರಿ ಬೀಚಿರಾಜ, ಅಂದರೆ ಬೀಚಣ, ಇದನ್ನು ಕಟ್ಟಿಸಿದನು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ ಆತನ ಹೆಸರಿನೊಂದಿಗೆ ಪ್ರಸಿದ್ಧವಾಗಿದೆ. ಮೂಲನಾಯಕ ನೇಮಿನಾಥ ಸ್ವಾಮಿ. ಮಂಟಪದ ಮೇಲ್ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲಕ್ಕೆ 72 ದಳಗಳು. ಭೂತ, ವರ್ತಮಾನ, ಭವಿಷ್ಯತ್ ಕಾಲಗಳ ತಲಾ 24 ತೀರ್ಥಂಕರರಿಗೆ ಈ ಸಂಖ್ಯೆ ಸರಿಹೋಗುತ್ತದೆ. ಇಲ್ಲಿಯೂ ದಾನ ಸ್ವೀಕರಿಸಿದವರು ಅದೇ ಶುಭಚಂದ್ರ ಭಟ್ಟಾರಕರು.

ಬೆಳಗಾವಿಯ ದಾನದಲ್ಲಿ ಅರಸನ ಪಾಲು ಎಷ್ಟು ಮುಖ್ಯವೋ ವ್ಯಾಪಾರಿಗಳ ಪಾಲೂ ಅಷ್ಟೇ ಮುಖ್ಯ. ವೇಣುಗ್ರಾಮದ ಪೇಟೆಯ ಶೆಟ್ಟರು, ಬೇರೆ ಬೇರೆ ಕಸುಬಿನವರು, ಗುಜರಾತಿನ ಕಡೆಯ ಲಾಳರು, ಮಲೆಯಾಳದ ವ್ಯಾಪಾರಿಗಳು ಎಲ್ಲರೂ ಸೇರಿ ತಮ್ಮ ಸರಕಿನ ಮೇಲೆ ಇಷ್ಟಿಷ್ಟು ಎಂದು ಬಸದಿಗೆ ವಂತಿಗೆ ಗೊತ್ತುಮಾಡಿದರು. ಅರಸ ಕೊಟ್ಟ ಭೂಮಿ ಒಂದು ಸಲದ ದಾನ. ಪೇಟೆಯ ವಂತಿಗೆ ಮಾತ್ರ ಸರಕು ಬಂದಾಗಲೆಲ್ಲ ಬರುವಂಥದು. ಪೂಜೆ, ದುರಸ್ತಿ, ಮುನಿಗಳ ಆಹಾರದಾನ ಇವೆಲ್ಲ ನಿಲ್ಲದೆ ನಡೆಯಲು ಇಂಥ ವ್ಯವಸ್ಥೆ ಬೇಕಾಗಿತ್ತು.

ಕವಿಗಳಿಗೆ ಆಶ್ರಯ: ಪಾರ್ಶ್ವನಾಥ ಪುರಾಣ ಬರೆದ ಪಾರ್ಶ್ವಪಂಡಿತ ಈ ಕಾರ್ತವೀರ್ಯನ ಆಸ್ಥಾನದವನು. ಪುಷ್ಪದಂತ ಪುರಾಣ ಬರೆದ ಎರಡನೆಯ ಗುಣವರ್ಮನಿಗೆ ಆಶ್ರಯ ಕೊಟ್ಟ ಶಾಂತಿವರ್ಮನೂ ರಟ್ಟರ ಅಧಿಕಾರಿಯೇ.

ಶಾಸನದ ದಿನ ಮತ್ತು ಇಸವಿ

ಕಲ್ಲೋಳಿಯ ಶಾಸನವೂ ಬೆಳಗಾವಿಯ ಶಾಸನವೂ ಶಕ 1127, ರಕ್ತಾಕ್ಷಿ ಸಂವತ್ಸರದವು. ಶಕ ವರ್ಷಕ್ಕೆ 78 ಕೂಡಿಸಿದರೆ 1205 ಬರುತ್ತದೆ. ಆದರೆ ಪುಸ್ತಕಗಳಲ್ಲಿ 1204 ಎಂದು ಇರುವುದನ್ನು ಕಂಡು ಅನೇಕರಿಗೆ ಸಂಶಯ ಬರುತ್ತದೆ. ಇಲ್ಲಿ ಲೆಕ್ಕ ಹಾಕಿರುವುದು ಕಳೆದ ವರ್ಷಗಳಿಂದಲ್ಲ, ನಡೆಯುತ್ತಿರುವ ವರ್ಷದಿಂದ. ಆದ್ದರಿಂದ 77 ಕೂಡಿಸಬೇಕು. ಬೆಳಗಾವಿಯ ಶಾಸನದ ದಿನ ಪುಷ್ಯ ಶುದ್ಧ ಬಿದಿಗೆ, ಶನಿವಾರ, ಉತ್ತರಾಯಣ ಸಂಕ್ರಮಣ. ಇದು 1204ರ ಡಿಸೆಂಬರ್ 25ಕ್ಕೆ ಸರಿಯಾಗುತ್ತದೆ. ಅಂದಿನ ಪಂಚಾಂಗ ಮತ್ತು ಅಂದಿನ ಯುರೋಪಿನ ಕ್ಯಾಲೆಂಡರ್ ಪ್ರಕಾರ ಸಂಕ್ರಮಣ ಡಿಸೆಂಬರ್ ಕೊನೆಯ ವಾರದಲ್ಲಿ ಬರುತ್ತಿತ್ತು. ಇಂದು ಅದು ಜನವರಿ 14 ಅಥವಾ 15ಕ್ಕೆ ಬರುತ್ತದೆ. ದಾನಕ್ಕೆ ಸಂಕ್ರಮಣದ ಪುಣ್ಯದಿನವನ್ನು ಆರಿಸಿಕೊಂಡಿದ್ದರು ಎಂಬುದು ಇದರಿಂದ ಸ್ಪಷ್ಟ.

ಮೂರು ತಾಲೂಕುಗಳಲ್ಲಿ ಉಳಿದ ಕುರುಹುಗಳು

ಗೋಕಾಕ ತಾಲೂಕು: ಗೋಕಾಕ ಜಲಪಾತಕ್ಕೆ ಸಮೀಪದ ಕೊಣ್ಣೂರಿನ ಹಳೆಯ ಹೆಸರು ಕೊಂಡನೂರು. ಇಲ್ಲಿ ನಿಧಿಯಮ ಗಾಮುಂಡ ಬಸದಿ ಕಟ್ಟಿಸಿದ್ದನ್ನು 1087ರ ಶಾಸನ ತಿಳಿಸುತ್ತದೆ. ಅದು ಲಕ್ಷ್ಮೀದೇವನಿಗಿಂತ ಹಿಂದಿನ ರಟ್ಟರ ಕಾಲ. ನರಗುಂದ ತಾಲೂಕಿನಲ್ಲಿ ಇನ್ನೊಂದು ಕೊಣ್ಣೂರು ಇದೆ. ಅಮೋಘವರ್ಷ ನೃಪತುಂಗನ ಕಾಲದ ಜೈನ ದಾನವನ್ನು ಹೇಳುವ ಶಾಸನ ಅಲ್ಲಿಯದು. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಮೂಡಲಗಿ ತಾಲೂಕು: ಮೊದಲು ಗೋಕಾಕ ತಾಲೂಕಿನಲ್ಲಿದ್ದ ಕಲ್ಲೋಳಿ ಹೊಸ ತಾಲೂಕು ರಚನೆಯಾದ ಮೇಲೆ ಮೂಡಲಗಿಗೆ ಸೇರಿದೆ. ಹಳೆಯ ಪುಸ್ತಕಗಳಲ್ಲಿ ಗೋಕಾಕ ತಾಲೂಕಿನ ಕಲ್ಹೋಳಿ ಎಂದು ಇರುವುದು ಇದೇ ಊರು. ಇಂದು ಈ ಊರು ಮಾರುತಿ ದೇವಸ್ಥಾನದಿಂದ ಹೆಸರುವಾಸಿ. ಜೈನ ಇತಿಹಾಸದಲ್ಲಿ ಇದರ ಹೆಸರು ನಿಂತಿರುವುದು 1204ರ ಶಾಸನದಿಂದ.

ಹುಕ್ಕೇರಿ ತಾಲೂಕು: ಹಿರಣ್ಯಕೇಶಿ ನದಿಯ ದಂಡೆಯ ಸಂಕೇಶ್ವರದಲ್ಲಿ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನವಿದೆ. ಹುಕ್ಕೇರಿಯಿಂದ ರಾಯಬಾಗದ ವರೆಗಿನ ಸೀಮೆಯೆಲ್ಲ ಈ ಮನೆತನದ ಆಳ್ವಿಕೆಯಲ್ಲಿತ್ತು. ಅಂದು ಹೂವಿನ ಬಾಗೆ ಎಂದು ಕರೆಯಲಾಗುತ್ತಿದ್ದ ರಾಯಬಾಗದಲ್ಲಿಯೂ ರಟ್ಟರ ಕಾಲದ ಬಸದಿ, ಶಾಸನಗಳಿವೆ.

ಬೆಳಗಾವಿಯ ಎರಡು ಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕಮಲ ಬಸದಿಯನ್ನು ನೋಡಲು ಬೆಳಗಾವಿಗೆ ಹೋದವರಿಗೆ ಬಸದಿ ಸಿಗುತ್ತದೆ, ಅದರ ಕಥೆ ಹೇಳುವ ಕಲ್ಲು ಸಿಗುವುದಿಲ್ಲ.

ಆಳ್ವಿಕೆಯ ಕೊನೆ

ಎರಡನೆಯ ಲಕ್ಷ್ಮೀದೇವನ ನಂತರ ರಟ್ಟರ ಆಳ್ವಿಕೆ ಉಳಿಯಲಿಲ್ಲ. ದೇವಗಿರಿಯ ಸೇವುಣ ಅರಸ ಎರಡನೆಯ ಸಿಂಘಣನ ದಂಡನಾಯಕ ಬೀಚಣ ರಟ್ಟರನ್ನು ಗೆದ್ದನೆಂದು 1238ರ ಶಾಸನ ಹೇಳುತ್ತದೆ. ಕಮಲ ಬಸದಿ ಕಟ್ಟಿಸಿದ ಬೀಚಣ ಬೇರೆ, ರಟ್ಟರನ್ನು ಗೆದ್ದ ಈ ಬೀಚಣ ಬೇರೆ. ಲಕ್ಷ್ಮೀದೇವ–ಚಂದಲದೇವಿಯ ಮೊಮ್ಮಗನ ತಲೆಮಾರಿಗೆ ಅರಸೊತ್ತಿಗೆ ಮುಗಿಯಿತು. ಉಳಿದದ್ದು ಬಸದಿಗಳು, ಪುರಾಣಕಾವ್ಯಗಳು ಮತ್ತು ಕಲ್ಲಿನ ಮೇಲಿನ ಹೆಸರುಗಳು.

ಇಂದಿನ ಶ್ರಾವಕ ಕುಟುಂಬಗಳಿಗೆ

ಈ ಮನೆತನದ ಕಥೆ ಇಂದು ನಮಗೆ ತಿಳಿದಿರುವುದು ಎರಡು ಕಾರಣಗಳಿಂದ. ಒಂದು, ಅಂದಿನವರು ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಅವರ ತವರನ್ನೂ ಬರೆಸಿದರು. ಎರಡು, ಆ ಕಲ್ಲುಗಳು ಉಳಿದುಕೊಂಡವು. ಎರಡೂ ವಿಷಯಗಳಲ್ಲಿ ಇಂದು ಸಮಾಜ ಎಚ್ಚರ ವಹಿಸಬೇಕಾಗಿದೆ.

ಬಸದಿಗಳಲ್ಲಿ ಹಾಕುವ ದಾನಿಗಳ ಫಲಕಗಳಲ್ಲಿ ಅನೇಕ ಕಡೆ ಯಜಮಾನರ ಹೆಸರಷ್ಟೇ ಇರುತ್ತದೆ, ಇಲ್ಲವೆ ಧರ್ಮಪತ್ನಿ ಹಾಗೂ ಮಕ್ಕಳು ಎಂದು ಮುಗಿಸಲಾಗುತ್ತದೆ. ಪಂಚಕಲ್ಯಾಣದಲ್ಲಿ ಇಂದ್ರ-ಇಂದ್ರಾಣಿಯಾಗಿ ಕೂಡಿ ಕುಳಿತ ದಂಪತಿಯಲ್ಲಿ ಒಬ್ಬರ ಹೆಸರು ಮಾತ್ರ ಕಲ್ಲಿನ ಮೇಲೆ ಬರುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು ತವರಿನ ಬಸದಿಗೆ ಕೊಟ್ಟ ದಾನ ಅಣ್ಣನ ಹೆಸರಿನಲ್ಲಿ ಸೇರಿಹೋಗುತ್ತದೆ. ಮನೆಯ ವಂಶಾವಳಿ ಬರೆಸುವಾಗ ಹೆಣ್ಣುಮಕ್ಕಳ ಸಾಲು ಬಿಟ್ಟುಹೋಗುತ್ತದೆ. ನೂರು ವರ್ಷಗಳ ನಂತರ ಅದನ್ನು ಓದುವವರಿಗೆ ಯಾವ ಮನೆಗೆ ಯಾವ ಮನೆ ಬೀಗರು ಎಂಬುದು ತಿಳಿಯುವುದಿಲ್ಲ. ಚಂದಲದೇವಿಯ ಹೆಸರಿಗೆ 1204ರಲ್ಲಿ ಸಿಕ್ಕ ಜಾಗ ಇಂದಿನ ಫಲಕದಲ್ಲಿಯೂ ಸಿಗಬೇಕು. ಅದಕ್ಕೆ ಹೆಚ್ಚಿನ ಖರ್ಚಿಲ್ಲ, ಒಂದು ಸಾಲು ಸಾಕು.

ಇನ್ನು ಕಲ್ಲಿನ ವಿಷಯ. ಜೀರ್ಣೋದ್ಧಾರದ ಸಮಯದಲ್ಲಿ ಹಳೆಯ ಶಾಸನಗಳಿಗೆ ಹಾನಿಯಾಗುವುದು ಹೆಚ್ಚು. ಬಸದಿಯ ಕಮಿಟಿಯವರು ಈ ಕೆಳಗಿನವನ್ನು ಗಮನದಲ್ಲಿಡಬೇಕು.

ಅಕ್ಷರವಿರುವ ಕಲ್ಲಿಗೆ ಸುಣ್ಣ, ಬಣ್ಣ, ಎಣ್ಣೆ ಹಚ್ಚಬಾರದು. ಎಣ್ಣೆಗೆ ಧೂಳು ಅಂಟಿ ಅಕ್ಷರದ ಗೀರುಗಳು ತುಂಬಿಹೋಗುತ್ತವೆ.

ಮೆಷಿನ್ ಹಚ್ಚಿ ಕಲ್ಲನ್ನು ಉಜ್ಜಿಸಬಾರದು. ಮರಳು ಹಾರಿಸಿ ಸ್ವಚ್ಛ ಮಾಡುವ ಪದ್ಧತಿಯಿಂದ ಕಲ್ಲು ಬೆಳ್ಳಗಾಗುತ್ತದೆ, ಅಕ್ಷರ ಹೋಗುತ್ತದೆ.

ಶಾಸನದ ಕಲ್ಲನ್ನು ಗೋಡೆಯೊಳಗೆ ಅಥವಾ ಫರಸಿಯೊಳಗೆ ಸೇರಿಸಿ ಸಿಮೆಂಟ್ ಹಾಕಬಾರದು.

ಕೆಲಸ ಶುರುಮಾಡುವ ಮೊದಲು ಫೋಟೋ ತೆಗೆದಿಡಬೇಕು. ಬೆಳಿಗ್ಗೆ ಅಥವಾ ಸಂಜೆ ಓರೆಯಾಗಿ ಬೀಳುವ ಬಿಸಿಲಿನಲ್ಲಿ ತೆಗೆದರೆ ಅಕ್ಷರ ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಡಬೇಕು.

ಹೊಸದಾಗಿ ಶಾಸನ ಸಿಕ್ಕರೆ ಪುರಾತತ್ವ ಇಲಾಖೆಗೆ ತಿಳಿಸಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯೂ ಶಾಸನಗಳ ಅಧ್ಯಯನಕ್ಕೆ ಹೆಸರಾದುದು. ಕಾಗದದ ಮೇಲೆ ಶಾಸನದ ಅಚ್ಚು ತೆಗೆಯುವ ಕೆಲಸವನ್ನು ಬಲ್ಲವರಿಂದಲೇ ಮಾಡಿಸಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಶ್ರಾವಕ-ಶ್ರಾವಿಕೆಯರು ಮಕ್ಕಳನ್ನು ಗೋಕಾಕ ಜಲಪಾತಕ್ಕೆ ಕರೆದುಕೊಂಡು ಹೋದಾಗ ಕೊಣ್ಣೂರಿಗೂ ಕಲ್ಲೋಳಿಗೂ ಹೋಗಿಬರಬಹುದು. ಹಗರಟಗೆಯ ಮಗಳು ಕುಂಡಿ ನಾಡಿನ ಸೊಸೆಯಾಗಿ ಬಂದಳು, ಆಕೆಯ ಮಕ್ಕಳು ಅರಸರಾದರು, ಆಕೆಯ ಸೋದರನ ಮಗ ಇಲ್ಲಿ ಶಾಂತಿನಾಥ ಸ್ವಾಮಿಗೆ ಬಸದಿ ಕಟ್ಟಿಸಿದನು ಎಂಬುದನ್ನು ಆ ಊರಿನಲ್ಲಿಯೇ ನಿಂತು ಮಕ್ಕಳಿಗೆ ಹೇಳಬಹುದು. ಪಠ್ಯಪುಸ್ತಕದಲ್ಲಿ ಓದಿದ್ದಕ್ಕಿಂತ ಅದು ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ.